ಅವನ ಬದುಕಿನ ಯೋಜನೆಯಲ್ಲಿ ಅವನೂ ಕೂರಲಿ

ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ನಿರ್ದೇಶಕರಿಗೆ, ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ಹಾಗೂ ಎಲ್ಲ ಜಿಲ್ಲಾಧಿಕಾರಿಗಳಿಗೆ,

ಮಾನ್ಯರೇ,

ನಾನು ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದವಳು, ಈಗ ಶಿವಮೊಗ್ಗದಲ್ಲಿ ನೆಲೆಸಿದ್ದೇನೆ. ನನ್ನ ಒಬ್ಬನೇ ತಮ್ಮನಿಗೆ ಬೌದ್ಧಿಕ ಅಂಗವೈಕಲ್ಯವಿದೆ. ಅವನಿಗೆ ನಲವತ್ತು ದಾಟಿದೆ. ಅವನ ಹೆಸರಿನಲ್ಲಿ ಮನೆಯಲ್ಲೊಂದು ಫೈಲಿದೆ. ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಯುಡಿಐಡಿ ಎಂಬ ಅಂಗವೈಕಲ್ಯದ ಗುರುತಿನ ಕಾರ್ಡು, ಮಾಸಾಶನದ ಮಂಜೂರಾತಿ ಆದೇಶ, ನಿರಾಮಯ ಆರೋಗ್ಯ ವಿಮೆಯ ಕಾಗದ, ಬಸ್ ಪಾಸಿನ ಅರ್ಜಿ ಎಲ್ಲವೂ ಅದರಲ್ಲಿವೆ. ಅವನಿಗೆ ಶೇಕಡಾ ಎಷ್ಟು ಅಂಗವೈಕಲ್ಯವಿದೆ ಎಂಬುದು ಹಾಳೆ ಹಾಳೆಯಲ್ಲೂ ಬರೆದಿದೆ. ಅವನು ಹೇಗೆ ಬದುಕಲು ಇಷ್ಟಪಡುತ್ತಾನೆ ಎಂಬುದು ಒಂದರಲ್ಲೂ ಇಲ್ಲ. ಅದನ್ನು ಬರೆದಿಡುವ ಒಂದು ಹಾಳೆಯನ್ನು ಸರ್ಕಾರ ಆ ಫೈಲಿಗೆ ಸೇರಿಸಬೇಕು ಮತ್ತು ಉಳಿದ ಹಾಳೆಗಳಿಗೆ ಇರುವಷ್ಟೇ ಬೆಲೆಯನ್ನು ಅದಕ್ಕೂ ಕೊಡಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ವಿಕಲಚೇತನ ಮಕ್ಕಳ ತಂದೆತಾಯಿಯರು ಸೇರಿದ ಕಡೆಯೆಲ್ಲ ಮಾತು ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ನಾವು ಹೋದ ಮೇಲೆ ಇವನ ಗತಿಯೇನು? ನನ್ನ ಅಮ್ಮನ ಬಾಯಲ್ಲಿಯೂ ಈ ಮಾತನ್ನು ಕೇಳುತ್ತಲೇ ಬಂದಿದ್ದೇನೆ. ಅದರ ಹಿಂದಿನ ಸಂಕಟ ನನಗೆ ಗೊತ್ತು. ಈ ಪ್ರಶ್ನೆಗೆ ನಮ್ಮ ವ್ಯವಸ್ಥೆಯಲ್ಲಿ ಇರುವುದು ಎರಡೇ ಉತ್ತರ. ಒಡಹುಟ್ಟಿದವರು ನೋಡಿಕೊಳ್ಳಬೇಕು, ಇಲ್ಲವಾದರೆ ಎಲ್ಲಾದರೂ ವಸತಿ ಕೇಂದ್ರಕ್ಕೆ ಸೇರಿಸಬೇಕು. ಯಾರು ನೋಡಿಕೊಳ್ಳುತ್ತಾರೆ, ಎಲ್ಲಿ ಇಡುತ್ತಾರೆ ಎಂಬಷ್ಟಕ್ಕೆ ಚರ್ಚೆ ಮುಗಿಯುತ್ತದೆ. ಚರ್ಚೆ ನಡೆಯುವಾಗ ಆ ಮನುಷ್ಯ ಅದೇ ಕೋಣೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾನೆ.

ನನ್ನ ತಮ್ಮ ದಿನವೂ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಸೊಸೈಟಿಗೆ ನಡೆದು ಹೋಗುತ್ತಾನೆ. ಅವನಿಗೆ ಹಣ ಎಣಿಸಲು ಬರುವುದಿಲ್ಲ. ಹಾಲಿನ ಚೀಟಿ ಕೈಗೆ ಬರುವವರೆಗೆ ಮಾತ್ರ ಅಲ್ಲಿಂದ ಕದಲುವುದಿಲ್ಲ. ಅಡಿಕೆ ಸುಗ್ಗಿಯಲ್ಲಿ ಬೇಯಿಸಿದ ಅಡಿಕೆಯನ್ನು ಚಪ್ಪರದ ಮೇಲೆ ಹರವುವ ಕೆಲಸ ಅವನದು, ಬೇರೆಯವರು ಹರವಿದರೆ ಅವನಿಗೆ ಸಮಾಧಾನವಿಲ್ಲ. ಊರಿಗೆ ಯಕ್ಷಗಾನದ ಮೇಳ ಬಂದರೆ ಆಟ ಶುರುವಾಗುವ ಮೊದಲೇ ಚೌಕಿಯಲ್ಲಿ ಹಾಜರು. ವೇಷ ಕಟ್ಟಿಕೊಳ್ಳುವವರಿಗೆ ನೀರು, ಚಹಾ ತಂದುಕೊಡುತ್ತಾನೆ, ಬಣ್ಣ ಹಚ್ಚುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಾನೆ. ಊರಿನಲ್ಲಿ ಅವನನ್ನು ಗುರುತಿಸದವರಿಲ್ಲ.

ಅಪ್ಪಯ್ಯ ತೀರಿಕೊಂಡ ಮೇಲೆ ನೆಂಟರೆಲ್ಲ ಸೇರಿ ಒತ್ತಾಯಿಸಿದ್ದರಿಂದ, ದೂರದ ನಗರದ ವಸತಿ ಕೇಂದ್ರವೊಂದರಲ್ಲಿ ಅವನು ಕೆಲವು ವಾರ ಇದ್ದ. ಸೇರಿಸುವಾಗ ತುಂಬಿಸಿಕೊಂಡ ನಮೂನೆ ಈಗಲೂ ನನ್ನ ಬಳಿ ಇದೆ. ತೂಕ, ರಕ್ತದ ಗುಂಪು, ಫಿಟ್ಸ್ ಬರುತ್ತದೆಯೇ, ಶೌಚಕ್ಕೆ ತಾನೇ ಹೋಗುತ್ತಾನೆಯೇ, ಹೊಡೆಯುವ ಅಭ್ಯಾಸವಿದೆಯೇ ಎಂಬ ಪ್ರಶ್ನೆಗಳಿವೆ. ಬೆಳಿಗ್ಗೆ ಎದ್ದೊಡನೆ ಅವನು ಏನು ಮಾಡುತ್ತಾನೆ ಎಂದು ಕೇಳುವ ಒಂದು ಸಾಲಿಲ್ಲ. ಮೊದಲ ವಾರದಲ್ಲಿಯೇ ಅಲ್ಲಿಂದ ದೂರು ಬಂತು: ಇವನು ನಸುಕಿನಲ್ಲಿ ಎದ್ದು ಗೇಟು ಬಡಿಯುತ್ತಾನೆ, ತಿಂಡಿ ತಿನ್ನುವುದಿಲ್ಲ, ಹಟಮಾರಿ, ಮಾತ್ರೆ ಬೇಕಾಗಬಹುದು. ಅವನು ಸೊಸೈಟಿಗೆ ಹೋಗುವ ಹೊತ್ತು ಅದು. ಕ್ಯಾನು ಹುಡುಕುತ್ತಿದ್ದ. ಅಲ್ಲಿಯ ಸಿಬ್ಬಂದಿ ಕೆಟ್ಟವರೆಂದು ನಾನು ಹೇಳುವುದಿಲ್ಲ. ಇಬ್ಬರು ಹೆಂಗಸರು ಅಷ್ಟೊಂದು ಜನರ ಸ್ನಾನ ಊಟ ನೋಡಿಕೊಳ್ಳುತ್ತಿದ್ದರು. ಈ ಮನುಷ್ಯನ ಬೆಳಗು ಎಂಥದ್ದು ಎಂದು ಅವರಿಗೆ ತಿಳಿಸುವ ಕಾಗದ ಯಾವುದೂ ಇರಲಿಲ್ಲ, ಅಷ್ಟೆ. ಅದಿಲ್ಲದೆ ಹೋದದ್ದರಿಂದ ಒಬ್ಬ ಕೆಲಸಗಾರನ ದಿನಚರಿ ಒಂದು ರೋಗಲಕ್ಷಣವಾಗಿ ದಾಖಲಾಯಿತು.

ಕಾನೂನು ನಮ್ಮ ಪರವಾಗಿಯೇ ಇದೆ. ಭಾರತವು ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಅದರ 19ನೇ ವಿಧಿ, ಎಲ್ಲಿ ಮತ್ತು ಯಾರೊಡನೆ ಬಾಳಬೇಕೆಂಬ ಆಯ್ಕೆ ಆ ವ್ಯಕ್ತಿಯದೇ ಎನ್ನುತ್ತದೆ. ನಮ್ಮದೇ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 5ನೇ ಕಲಮು ಸಮುದಾಯದಲ್ಲಿ ಬಾಳುವ ಹಕ್ಕನ್ನು ಕೊಟ್ಟಿದೆ. ಯಾರನ್ನೂ ಇಂಥದ್ದೇ ವಸತಿಯಲ್ಲಿರಬೇಕೆಂದು ಕಟ್ಟಿಹಾಕದಂತೆ, ಮನೆಯಲ್ಲೇ ದೊರೆಯುವ ನೆರವು ಮತ್ತು ವೈಯಕ್ತಿಕ ಸಹಾಯಕರ ಸೇವೆ ಸಿಗುವಂತೆ ಸರ್ಕಾರ ಪ್ರಯತ್ನಿಸಬೇಕೆಂದು ಹೇಳಿದೆ. ಹೆಚ್ಚಿನ ಬೆಂಬಲ ಬೇಕಾದವರು, ಅಥವಾ ಅವರ ಪರವಾಗಿ ಬೇರೆಯವರು, 38ನೇ ಕಲಮಿನಡಿ ಅರ್ಜಿ ಹಾಕಬಹುದು. ಇವೆಲ್ಲ ಪುಸ್ತಕದಲ್ಲಿವೆ. ಇವನ್ನು ಒಬ್ಬ ಮನುಷ್ಯನ ಸೋಮವಾರ ಮಂಗಳವಾರಗಳಿಗೆ ತಂದು ಮುಟ್ಟಿಸುವ ಸಾಧನ ನಮ್ಮಲ್ಲಿಲ್ಲ. ಶಾಲೆಯಲ್ಲಿದ್ದಾಗ ವಿಶೇಷ ಅಗತ್ಯವುಳ್ಳ ಮಗುವಿಗೆ ವೈಯಕ್ತಿಕ ಶಿಕ್ಷಣ ಯೋಜನೆ ಎಂಬುದಾದರೂ ಇರುತ್ತದೆ. ಹದಿನೆಂಟು ತುಂಬಿದ ದಿನ ಆ ಯೋಜನೆ ಮುಗಿಯುತ್ತದೆ. ಮುಂದಿನ ನಲವತ್ತು ಐವತ್ತು ವರ್ಷಗಳಿಗೆ ಮಾಸಾಶನವೊಂದೇ ಉಳಿಯುತ್ತದೆ.

ಆ ಸಾಧನ ಹೊಸದಾಗಿ ಕಂಡುಹಿಡಿಯಬೇಕಾದದ್ದಲ್ಲ. ಅಮೆರಿಕ ಮತ್ತು ಕೆನಡಾಗಳಲ್ಲಿ 1980ರ ದಶಕದಲ್ಲಿ ದೊಡ್ಡ ದೊಡ್ಡ ವಸತಿ ಸಂಸ್ಥೆಗಳಿಂದ ಜನರನ್ನು ಊರುಗಳಿಗೆ ಮರಳಿ ಕರೆತರುವ ಕೆಲಸ ನಡೆಯುತ್ತಿದ್ದಾಗ, ಜಾನ್ ಓಬ್ರಿಯನ್, ಬೆತ್ ಮೌಂಟ್ ಮೊದಲಾದವರು ವ್ಯಕ್ತಿ ಕೇಂದ್ರಿತ ಯೋಜನೆ ಎಂಬ ಪದ್ಧತಿಯನ್ನು ರೂಪಿಸಿದರು. ಇರುವ ಸೇವೆಗಳ ಪಟ್ಟಿಗೆ ಮನುಷ್ಯನನ್ನು ಹೊಂದಿಸುವುದನ್ನು ಬಿಟ್ಟು, ಮನುಷ್ಯನ ಬದುಕನ್ನು ಮೊದಲು ಅರಿತು ಅದಕ್ಕೆ ಸೇವೆಯನ್ನು ಹೊಂದಿಸುವುದು ಅದರ ತಿರುಳು. ಅದೇ ಕಾಲದಲ್ಲಿ ಮೈಕೆಲ್ ಸ್ಮಲ್ ಎಂಬವರು ಮತ್ತು ಅವರ ಸಂಗಡಿಗರು, ಊರಿನಲ್ಲಿ ಬಾಳಲು ಇವರಿಂದ ಆಗದು ಎಂದು ಕೈಬಿಟ್ಟವರ ಜೊತೆಗೇ ಕೆಲಸ ಮಾಡಿ ಒಂದು ಸರಳ ವಿಂಗಡಣೆಯನ್ನು ಕೊಟ್ಟರು. ಒಂದು ಪಟ್ಟಿಯಲ್ಲಿ ಆ ವ್ಯಕ್ತಿಗೆ ಮುಖ್ಯವೆನಿಸುವುದು, ಇನ್ನೊಂದರಲ್ಲಿ ಅವನ ಆರೋಗ್ಯ ಮತ್ತು ಸುರಕ್ಷತೆಗೆ ಬೇಕಾದದ್ದು. ಎರಡನ್ನೂ ಬೇರೆ ಬೇರೆ ಬರೆಯಬೇಕು, ನಂತರ ಎರಡಕ್ಕೂ ಜಾಗ ಮಾಡಿಕೊಡುವ ದಾರಿ ಹುಡುಕಬೇಕು. ಇಂಗ್ಲೆಂಡಿನ ಸರ್ಕಾರ 2001ರಲ್ಲಿ ಇದನ್ನು ತನ್ನ ರಾಷ್ಟ್ರೀಯ ನೀತಿಯೊಳಗೆ ತಂದಿತು. ಅಮೆರಿಕದಲ್ಲಿ 2014ರ ನಿಯಮದಂತೆ, ಮೆಡಿಕೈಡ್ ಎಂಬ ಸರ್ಕಾರಿ ಆರೋಗ್ಯ ನೆರವಿನ ಹಣದಿಂದ ಮನೆಯಲ್ಲಿ ಅಥವಾ ಸಮುದಾಯದಲ್ಲಿ ಸೇವೆ ಪಡೆಯುವವರಿಗೆಲ್ಲ ಇಂಥ ಲಿಖಿತ ಯೋಜನೆ ಇರಲೇಬೇಕು.

ಆ ವಿಂಗಡಣೆ ಎಷ್ಟು ಉಪಯುಕ್ತ ಎಂಬುದನ್ನು ನನ್ನ ತಮ್ಮನ ಉದಾಹರಣೆಯಿಂದಲೇ ಹೇಳುತ್ತೇನೆ. ಅವನಿಗೆ ಸಕ್ಕರೆ ಕಾಯಿಲೆಯಿದೆ. ಅವನಿಗೆ ಸಂತೆಯ ಜಿಲೇಬಿಯೂ ಬೇಕು. ಮೊದಲೆಲ್ಲ ಇದು ವಾರವಾರದ ಜಗಳ. ಜಿಲೇಬಿಯನ್ನು ಒಂದು ಪಟ್ಟಿಯಲ್ಲಿ, ಸಕ್ಕರೆ ಕಾಯಿಲೆಯನ್ನು ಇನ್ನೊಂದರಲ್ಲಿ ಬರೆದು ನೋಡಿದಾಗ, ಅವನಿಗೆ ಮುಖ್ಯವಾದದ್ದು ಬರೀ ಸಿಹಿಯಲ್ಲ, ಅಂಗಡಿಯ ಬೆಂಚಿನ ಮೇಲೆ ಎಲ್ಲರಂತೆ ಕುಳಿತು ತಾನೇ ಹಣ ಕೊಟ್ಟು ತಿನ್ನುವುದು ಎಂದು ತಿಳಿಯಿತು. ಈಗ ಸಂತೆಯ ದಿನ ಒಂದೇ ಒಂದು ಜಿಲೇಬಿ, ಜೊತೆಗೊಂದು ಪ್ಲೇಟು ಮಂಡಕ್ಕಿ. ವೈದ್ಯರೂ ಒಪ್ಪಿದ್ದಾರೆ, ಅವನೂ ಒಪ್ಪಿದ್ದಾನೆ. ಇನ್ನೊಂದು ಕೈಗಡಿಯಾರದ ವಿಷಯ. ಅವನಿಗೆ ಗಂಟೆ ನೋಡಲು ಬರುವುದಿಲ್ಲ, ಆದರೂ ಮಾಸಾಶನದ ಹಣದಲ್ಲಿ ಗಡಿಯಾರ ಬೇಕೆಂದ. ದಂಡದ ಖರ್ಚು ಎಂದು ಮನೆಗೆ ಬಂದವರೆಲ್ಲ ಹೇಳಿದರು. ಅಪ್ಪಯ್ಯನ ಕೈಯಲ್ಲಿ ಗಡಿಯಾರವಿತ್ತು, ಊರಿನ ಗಂಡಸರೆಲ್ಲರ ಕೈಯಲ್ಲೂ ಇದೆ. ಹಣ ಅವನದು, ಕೈಯೂ ಅವನದೇ.

ನಮ್ಮ ಮನೆಯ ಜಗಲಿಯಲ್ಲಿ ಕಳೆದ ಮಳೆಗಾಲದಲ್ಲಿ ಇಂಥ ಯೋಜನೆ ಬರೆಯಲು ನಾವೇ ಒಂದು ಸಭೆ ಮಾಡಿದೆವು. ಯಾರನ್ನು ಕರೆಯಬೇಕೆಂದು ಅವನೇ ಹೇಳಿದ. ಸೊಸೈಟಿಯ ಕಾರ್ಯದರ್ಶಿ, ಪಕ್ಕದ ಮನೆಯ ದೊಡ್ಡಮ್ಮ, ಮೇಳದಲ್ಲಿ ಚೆಂಡೆ ಬಾರಿಸುವ ಮಾವ, ಆಶಾ ಕಾರ್ಯಕರ್ತೆ ಬಂದರು. ಅವನು ಬೇಡವೆಂದ ಒಬ್ಬ ಹತ್ತಿರದ ನೆಂಟರನ್ನು ಕರೆಯಲಿಲ್ಲ. ಅದಕ್ಕಾಗಿ ನಾವು ಮಾತು ಕೇಳಬೇಕಾಯಿತು, ಕೇಳಿದೆವು. ಕ್ಯಾಲೆಂಡರಿನ ಹಿಂಬದಿಗೆ ಫೋಟೊಗಳನ್ನು ಅಂಟಿಸುತ್ತಾ ಹೋದೆವು. ಮನೆ, ಸೊಸೈಟಿ, ಬಸ್ಸು, ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆ, ನನ್ನ ಶಿವಮೊಗ್ಗದ ಮನೆ, ಬೆಂಗಳೂರಿನ ಚಿಕ್ಕಪ್ಪನ ಫ್ಲಾಟು. ಎಲ್ಲಿರಲು ಇಷ್ಟ ಎಂದು ಕೇಳಿದಾಗ ಹಳ್ಳಿಯ ಮನೆಯ ಮೇಲೆ ಬೆರಳಿಟ್ಟ. ನನ್ನ ಮನೆಗೆ ಹಬ್ಬಕ್ಕೆ ಮಾತ್ರ ಬರುತ್ತೇನೆ ಎಂದ. ತನ್ನದೇ ಆದ, ಬೀಗವಿರುವ ಒಂದು ಕಪಾಟು ಬೇಕೆಂದ. ಮಲಗುವ ಕೋಣೆಗೆ ಹೇಳದೆ ಕೇಳದೆ ಯಾರೂ ಬರಬಾರದು ಎಂದ. ತನ್ನ ಗಡ್ಡವನ್ನು ಬೇರೆಯವರು ಬೋಳಿಸುವುದು ಅವನಿಗೆ ಇಷ್ಟವಿಲ್ಲ ಎಂಬುದು ಅಮ್ಮನಿಗೂ ಆ ದಿನವೇ ಗೊತ್ತಾದದ್ದು. ಎರಡು ಪುಟದ ಆ ಬರಹಕ್ಕೆ ಅವನು ಹೆಬ್ಬೆಟ್ಟು ಒತ್ತಿದ, ಬಂದವರೆಲ್ಲ ಸಹಿ ಮಾಡಿದರು. ಮುಂದೆ ಅಮ್ಮ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಶಿವಮೊಗ್ಗಕ್ಕೆ ಬಂದಾಗ ಅವನನ್ನು ಎಲ್ಲಿಗೂ ಸಾಗಿಸಬೇಕಾಗಲಿಲ್ಲ. ಊಟ ದೊಡ್ಡಮ್ಮನ ಮನೆಯಿಂದ ಬಂತು, ರಾತ್ರಿ ಚೆಂಡೆಯ ಮಾವ ಬಂದು ಮಲಗಿದರು, ಮಾತ್ರೆ ತೆಗೆದುಕೊಂಡನೇ ಎಂದು ಆಶಾ ಕಾರ್ಯಕರ್ತೆ ನೋಡಿಹೋದರು. ಹಾಲಿನ ಕ್ಯಾನು ಒಂದು ದಿನವೂ ತಪ್ಪಲಿಲ್ಲ.

ನಮಗೆ ಹೊಲ, ಮನೆ, ಓದು ಬರಹ, ಒಳ್ಳೆಯ ನೆರೆಹೊರೆ ಎಲ್ಲವೂ ಇದ್ದುದರಿಂದ ಇದು ನಡೆಯಿತು. ಕೂಲಿಗೆ ಹೋಗುವ ತಾಯಿ, ಬಾಡಿಗೆ ಕೋಣೆಯಲ್ಲಿರುವ ಸಂಸಾರ, ಯಾರೂ ಇಲ್ಲದ ಮನುಷ್ಯ ಇದನ್ನು ತಾವೇ ಮಾಡಿಕೊಳ್ಳಲಿ ಎನ್ನಲಾಗದು. ಆದ್ದರಿಂದಲೇ ಇದು ಸರ್ಕಾರದ ಸೇವೆಯಾಗಬೇಕು.

ಮಾತೇ ಬಾರದವರ ಯೋಜನೆಯನ್ನು ಹೇಗೆ ಬರೆಯುತ್ತೀರಿ ಎಂದು ಅಧಿಕಾರಿಯೊಬ್ಬರು ನನ್ನನ್ನು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಇದಕ್ಕೂ ಒಂದು ಪದ್ಧತಿಯಿದೆ. ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಬೇಕು. ಸುತ್ತ ಏನು ನಡೆಯುತ್ತಿದೆ, ಆಗ ಮಾತು ಬಾರದ ಮಗಳು ಏನು ಮಾಡುತ್ತಾಳೆ, ಅದರ ಅರ್ಥ ಏನಿರಬಹುದೆಂದು ನಮ್ಮ ಊಹೆ, ಆಗ ನಾವು ಏನು ಮಾಡಬೇಕು. ಸಂಜೆ ಟಿವಿಯ ಸದ್ದು ಹೆಚ್ಚಾದಾಗ ಕೈ ಕಚ್ಚಿಕೊಳ್ಳುತ್ತಾಳೆ, ಸದ್ದು ಸಹಿಸಲಾಗುತ್ತಿಲ್ಲ ಎಂದಿರಬಹುದು, ಅಂಗಳಕ್ಕೆ ಕರೆದೊಯ್ಯಬೇಕು. ಇಪ್ಪತ್ತು ವರ್ಷ ಸಾಕಿದ ತಾಯಿಯ ತಲೆಯಲ್ಲಿ ಇಂಥ ನೂರು ಸಾಲುಗಳಿವೆ. ಆ ತಾಯಿ ನಾಳೆ ಇಲ್ಲವಾದರೆ ಆ ನೂರು ಸಾಲುಗಳೂ ಅವಳೊಂದಿಗೆ ಹೋಗುತ್ತವೆ, ಮಗಳು ಅಪರಿಚಿತರ ನಡುವೆ ಅರ್ಥವಾಗದೆ ಉಳಿಯುತ್ತಾಳೆ. ಆಸ್ತಿಯ ಉಯಿಲು ಬರೆಸುವ ಮನೆಗಳಲ್ಲಿ ಇದನ್ನೇಕೆ ಬರೆದಿಡುವುದಿಲ್ಲ? ತಂದೆತಾಯಂದಿರೇ, ಸರ್ಕಾರಕ್ಕೆ ಕಾಯದೆ ನೀವು ಇಂದೇ ಶುರು ಮಾಡಬಹುದಾದ ಕೆಲಸ ಇದು.

ಪಾಲಕತ್ವದ, ಅಂದರೆ ಒಬ್ಬರ ಪರವಾಗಿ ನಿರ್ಧಾರ ಮಾಡಲು ಇನ್ನೊಬ್ಬರನ್ನು ನೇಮಿಸುವ ವಿಷಯದಲ್ಲಿ ಜಿಲ್ಲಾಧಿಕಾರಿಗಳಿಗೆ ವಿಶೇಷವಾಗಿ ಹೇಳಬೇಕಿದೆ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಅಧಿನಿಯಮದಡಿ ಪಾಲಕರನ್ನು ನೇಮಿಸುವ ಸ್ಥಳೀಯ ಮಟ್ಟದ ಸಮಿತಿಯಲ್ಲಿ ನೀವು, ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ಅಂಗವಿಕಲ ವ್ಯಕ್ತಿ ಇರುತ್ತೀರಿ. ಪಾಲಕರನ್ನು ನೇಮಿಸುವ ಮೊದಲು ಆ ವ್ಯಕ್ತಿಗೆ ಪಾಲಕರ ಅಗತ್ಯವಿದೆಯೇ, ಯಾವ ಉದ್ದೇಶಕ್ಕೆ ಅಗತ್ಯ ಎಂಬ ಎರಡನ್ನೂ ಪರಿಶೀಲಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. 2016ರ ಅಧಿನಿಯಮದ 14ನೇ ಕಲಮು ಸೀಮಿತ ಪಾಲಕತ್ವದ ಮಾತನಾಡುತ್ತದೆ: ನಿರ್ದಿಷ್ಟ ನಿರ್ಧಾರಕ್ಕೆ, ನಿರ್ದಿಷ್ಟ ಅವಧಿಗೆ, ಪಾಲಕರೂ ಆ ವ್ಯಕ್ತಿಯೂ ಕೂಡಿ, ಆ ವ್ಯಕ್ತಿಯ ಇಚ್ಛೆಗೆ ಅನುಸಾರವಾಗಿ. ನಮ್ಮ ಪಾಲಕತ್ವದ ಅರ್ಜಿಯ ವಿಚಾರಣೆಯ ದಿನ ನನ್ನ ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಪಕ್ಕದಲ್ಲಿ ಕುಳಿತಿದ್ದ. ಅವನ ಮುಂದೆಯೇ ನನ್ನನ್ನು ಕೇಳಿದರು: ಇವನಿಗೆ ಏನಾದರೂ ಅರ್ಥವಾಗುತ್ತದೆಯೇ? ಅವನನ್ನು ಒಂದು ಮಾತೂ ಕೇಳಲಿಲ್ಲ. ಹೊರಗೆ ಬಂದ ಮೇಲೆ ಅವನು ನನ್ನನ್ನು ಕೇಳಿದ, "ಅಕ್ಕ, ನನ್ನ ಹತ್ತಿರ ಯಾಕೆ ಮಾತಾಡಲಿಲ್ಲ?" ಇದಕ್ಕೆ ಉತ್ತರ ಕೊಡಬೇಕಾದವಳು ನಾನಲ್ಲ.

ಸುಪ್ರೀಂ ಕೋರ್ಟು 2009ರಲ್ಲಿ, ಚಂಡೀಗಢದ ಸರ್ಕಾರಿ ವಸತಿ ಸಂಸ್ಥೆಯಲ್ಲಿದ್ದ ಬೌದ್ಧಿಕ ಅಂಗವೈಕಲ್ಯದ ಮಹಿಳೆಯೊಬ್ಬರ ಪ್ರಕರಣದಲ್ಲಿ, ಇಂಥವರ ಮಾತನ್ನು ಕೇಳಬೇಕೇ ಎಂಬ ಪ್ರಶ್ನೆಯನ್ನು ಎದುರಿಸಿತು. ಸಂಸ್ಥೆಯೊಳಗೇ ಆದ ಅತ್ಯಾಚಾರದಿಂದ ಆಕೆ ಗರ್ಭಿಣಿಯಾಗಿದ್ದರು. ಹೈಕೋರ್ಟು ಗರ್ಭಪಾತಕ್ಕೆ ಆದೇಶಿಸಿತ್ತು. ಆಕೆ ಮಗು ಬೇಕೆಂದಿದ್ದರು. ಆಕೆಯ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಅಷ್ಟು ದೊಡ್ಡ ನಿರ್ಧಾರದಲ್ಲಿ ಆಕೆಯ ಮಾತಿಗೆ ತೂಕವಿದೆಯೆಂದಾದರೆ, ಎಲ್ಲಿ ಮಲಗಬೇಕು, ಯಾರೊಡನೆ ಊಟ ಮಾಡಬೇಕು ಎಂಬಲ್ಲಿ ನನ್ನ ತಮ್ಮನ ಮಾತಿಗೆ ಏಕಿಲ್ಲ?

ಈ ಕೆಲಸವನ್ನು ಯಾರು ಮಾಡಬೇಕು ಎಂಬುದಕ್ಕೆ ಉತ್ತರ ಕರ್ನಾಟಕದಲ್ಲಿ ಈಗಾಗಲೇ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ನಗರಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಇವರು ತಾವೇ ವಿಕಲಚೇತನರು, ಮನೆಮನೆಯ ಬಾಗಿಲು ಬಲ್ಲವರು. ಇಂದು ಇವರ ದಿನವೆಲ್ಲ ಅರ್ಜಿ ತುಂಬಿಸುವುದು, ಸಮೀಕ್ಷೆ, ಕಾರ್ಡು ಮಾಡಿಸುವುದರಲ್ಲಿ ಕಳೆಯುತ್ತದೆ. ಗೌರವಧನದ ಮೇಲೆ ದುಡಿಯುವ ಇವರ ತಲೆಗೆ ಇನ್ನೊಂದು ಕೆಲಸ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ತರಬೇತಿ ಕೊಡಿ, ಪ್ರತಿ ಯೋಜನೆಗೆ ಪ್ರತ್ಯೇಕ ಸಂಭಾವನೆ ಕೊಡಿ, ಮಾತುಕತೆಗೆ ಬೇಕಾದಷ್ಟು ಸಮಯ ಕೊಡಿ. ಅರ್ಧ ಗಂಟೆಯಲ್ಲಿ ಟಿಕ್ ಹಾಕಿ ಮುಗಿಸುವ ನಮೂನೆಯಾದರೆ ಇದನ್ನು ಶುರು ಮಾಡದಿರುವುದೇ ಮೇಲು. ಕಾಗದವೊಂದೇ ಸಾಲದು ಎಂದು ಇಂಗ್ಲೆಂಡಿನ ಅನುಭವವೂ ಹೇಳುತ್ತದೆ. ಅಲ್ಲಿ 2005ರಲ್ಲಿ ನಡೆದ ಮೌಲ್ಯಮಾಪನದಲ್ಲಿ, ಯೋಜನೆ ಮಾಡಿಸಿಕೊಂಡವರಿಗೆ ಗೆಳೆಯರ ಮತ್ತು ಮನೆಯವರ ಒಡನಾಟ, ಊರಿನ ಚಟುವಟಿಕೆ, ಆಯ್ಕೆಯ ಅವಕಾಶ ಹೆಚ್ಚಿದ್ದು ಕಂಡಿತು. ಉದ್ಯೋಗದಲ್ಲಿ ಮಾತ್ರ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಕಾಗದ ಎಷ್ಟೇ ಚೆನ್ನಾಗಿದ್ದರೂ ಕೆಲಸ ಕೊಡುವವರು, ಹಣ, ಜೊತೆಗಾರರು ಇಲ್ಲದಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ.

ಹಣದ ಮಾತು ಬಂದೇ ಬರುತ್ತದೆ. 2011ರ ಜನಗಣತಿಯಂತೆ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಅವರೆಲ್ಲರಿಗೂ ಮೊದಲ ವರ್ಷವೇ ಯೋಜನೆ ಬೇಕೆಂದು ಹೇಳುತ್ತಿಲ್ಲ. ದಿನನಿತ್ಯ ಇನ್ನೊಬ್ಬರ ನೆರವು ಬೇಕಾದ ವಯಸ್ಕರು, ಅವರಲ್ಲೂ ವಯಸ್ಸಾದ ತಂದೆತಾಯಿಯರ ಜೊತೆಗಿರುವವರಿಂದ ಆರಂಭಿಸಬಹುದು. ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗಾಗಿ ಮೀಸಲಿಡಬೇಕಾದ ಶೇ 5ರ ಅನುದಾನ ಇದ್ದೇ ಇದೆ. ಅದು ಬಹುಪಾಲು ಸಲಕರಣೆ ಮತ್ತು ಸಹಾಯಧನ ಹಂಚುವುದಕ್ಕೆ ಹೋಗುತ್ತದೆ. ನನ್ನ ತಮ್ಮನಿಗೆ ಗಾಲಿಕುರ್ಚಿ ಬೇಡ. ಅಮ್ಮನಿಗೆ ಹುಷಾರಿಲ್ಲದ ದಿನ ಮನೆಗೆ ಬರುವ ಒಬ್ಬ ಜೊತೆಗಾರ ಬೇಕು. ಅನುದಾನದ ಒಂದು ಭಾಗವನ್ನು ಇಂಥ ಜೊತೆಗಾರರ ಸಂಭಾವನೆಗೆ ಬಳಸಲು ಅವಕಾಶವಾಗಬೇಕು. ಯಾರಿಗೆ ಏನು ಬೇಕೆಂಬುದು ಯೋಜನೆಗಳಿಂದ ತಿಳಿದರೆ, ವಿಕಲಚೇತನರ ಗ್ರಾಮ ಸಭೆಗಳಲ್ಲಿ ಚರ್ಚೆಗೂ ಒಂದು ಆಧಾರ ಸಿಗುತ್ತದೆ.

ನಾನು ಕೇಳುತ್ತಿರುವುದು ಇಷ್ಟು. ಬೆಂಬಲ ಬೇಕಾದ ವಯಸ್ಕ ವಿಕಲಚೇತನರಿಗೆ ಅವರ ಮನೆಯಲ್ಲಿ, ಅವರಾಡುವ ಭಾಷೆಯಲ್ಲಿ ಬದುಕಿನ ಯೋಜನೆ ತಯಾರಿಸಲು ಸರ್ಕಾರಿ ಆದೇಶ ಹೊರಡಲಿ. ತುಳು, ಕೊಡವ, ಬ್ಯಾರಿ, ಕೊಂಕಣಿ, ಉರ್ದು, ಲಂಬಾಣಿ ಮನೆಗಳಿಗೆ ಕನ್ನಡದ ನಮೂನೆ ಹಿಡಿದು ಹೋದರೆ ಕೇಳಿದಂತಾಗುವುದಿಲ್ಲ. ಯೋಜನೆಯ ಸಭೆಯಲ್ಲಿ ಆ ವ್ಯಕ್ತಿ ಇರಲೇಬೇಕು, ಅವರು ಆರಿಸಿದವರು ಇರಬೇಕು. ವಸತಿ ಕೇಂದ್ರ ನಡೆಸುವವರು ತಮ್ಮಲ್ಲಿಗೆ ಸೇರುವವರ ಯೋಜನೆಯನ್ನು ತಾವೇ ಬರೆಯಬಾರದು. ವರ್ಷಕ್ಕೊಮ್ಮೆ ಅದನ್ನು ಮತ್ತೆ ಓದಿ ತಿದ್ದಬೇಕು, ಏಕೆಂದರೆ ಇಷ್ಟಗಳು ಎಲ್ಲರಿಗೂ ಬದಲಾಗುತ್ತವೆ. ಯೋಜನೆಯನ್ನು ನೋಡದೆ ಯಾರನ್ನೂ ವಸತಿ ಕೇಂದ್ರಕ್ಕೆ ದಾಖಲಿಸಬಾರದು, ಪಾಲಕತ್ವದ ಅರ್ಜಿಯನ್ನು ಇತ್ಯರ್ಥ ಮಾಡಬಾರದು. ಈಗಾಗಲೇ ಕೇಂದ್ರಗಳಲ್ಲಿರುವವರಿಗೂ ಒಂದು ವರ್ಷದೊಳಗೆ ಯೋಜನೆಯಾಗಲಿ. ಅವರಲ್ಲಿ ಮನೆಗೆ, ಊರಿಗೆ ಮರಳಲು ಇಚ್ಛಿಸುವವರು ಎಷ್ಟಿದ್ದಾರೆಂದು ರಾಜ್ಯ ಆಯುಕ್ತರು ವರದಿ ಪ್ರಕಟಿಸಲಿ.

ನಮೂನೆಯ ಕರಡು ಸಿದ್ಧಪಡಿಸಲು ನೀವು ಸಮಿತಿ ರಚಿಸುವುದಾದರೆ ಅದರಲ್ಲಿ ಬೌದ್ಧಿಕ ಅಂಗವೈಕಲ್ಯವಿರುವವರೇ ಇಬ್ಬರಾದರೂ ಸದಸ್ಯರಾಗಿರಲಿ. ಅವರ ಜೊತೆ ಬರುವವರಿಗೂ ಪ್ರಯಾಣ ಭತ್ಯೆ ಇರಲಿ, ಸಭೆಯ ಟಿಪ್ಪಣಿ ಚಿತ್ರಗಳಲ್ಲಿಯೂ ಇರಲಿ. ಗ್ರಾಮ ಪಂಚಾಯಿತಿಗಳ ಮುಂದಿನ ವರ್ಷದ ಕ್ರಿಯಾಯೋಜನೆಗಳು ಅಂತಿಮವಾಗುವ ಮೊದಲು ಇದಕ್ಕೆ ನಿಮ್ಮ ಉತ್ತರವನ್ನು ನಿರೀಕ್ಷಿಸುತ್ತೇನೆ. ಬೆಳಗಿನ ಹಾಲು ಸೊಸೈಟಿಗೆ ಮುಟ್ಟಿದ ಮೇಲೆ ಯಾವ ದಿನ ಕರೆದರೂ ತಮ್ಮ ಬರಲು ಒಪ್ಪಿದ್ದಾನೆ.

ಇತಿ,
ಒಬ್ಬ ಅಕ್ಕ, ಶಿವಮೊಗ್ಗ